‘ನಮ್ಮ ತಾಲ್ಲೂಕಿನಲ್ಲಿ ಸಾವಿರಾರು ನುಸುಳುಕೋರರು’ ಎಂಬ ಫಾರ್ವರ್ಡ್: ಆ ಲೆಕ್ಕ ಹಾಕಿದವರು ಯಾರು?

ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಮೆಸೇಜು ಬಂತು. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ತಾಲ್ಲೂಕಿಗೆ ಇಪ್ಪತ್ತು ಸಾವಿರ ಬಾಂಗ್ಲಾದೇಶದವರು ಸೇರಿಕೊಂಡಿದ್ದಾರಂತೆ, ಆಲೆಮನೆ, ಇಟ್ಟಿಗೆ ಗೂಡು, ಕಟ್ಟಡದ ಕೆಲಸ ಎಲ್ಲ ಕಡೆ ಅವರೇ ಇದ್ದಾರಂತೆ, ಸರ್ಕಾರ ಲೆಕ್ಕವನ್ನು ಮುಚ್ಚಿಟ್ಟಿದೆಯಂತೆ. ಜೊತೆಗೆ ಕಬ್ಬಿನ ಗದ್ದೆಯ ಪಕ್ಕ ನಿಂತ ಐದಾರು ಹುಡುಗರ ಫೋಟೊ. ಕಳುಹಿಸಿದವರು ನಮ್ಮ ಚಿಕ್ಕಪ್ಪ. ಫೋನ್ ಮಾಡಿ ಇದು ಎಲ್ಲಿಂದ ಬಂತು ಎಂದು ಕೇಳಿದೆ. "ನಂಗೇನ್ ಗೊತ್ತವ್ವ, ಬಂತು, ಕಳುಸ್ದೆ" ಎಂದರು.

ಚಿಕ್ಕಪ್ಪ ಸುಳ್ಳು ಹೇಳುವವರಲ್ಲ. ಆದರೆ ಫೋಟೊದಲ್ಲಿದ್ದ ಹುಡುಗರು ಯಾರು, ಇಪ್ಪತ್ತು ಸಾವಿರ ಎಂದು ಎಣಿಸಿದವರು ಯಾರು ಎಂಬುದು ಅವರಿಗೂ ಗೊತ್ತಿಲ್ಲ, ಅವರಿಗೆ ಕಳುಹಿಸಿದವರಿಗೂ ಗೊತ್ತಿರಲಾರದು. ಹಾಗಾಗಿ ಒಂದೇ ಪ್ರಶ್ನೆ ಇಟ್ಟುಕೊಂಡು ಈ ಲೇಖನ: ಗಡಿ, ವಲಸೆ, ಅಕ್ರಮ ವಾಸದ ಬಗ್ಗೆ ಸರ್ಕಾರದ ಬಳಿ ನಿಜಕ್ಕೂ ಯಾವ ಲೆಕ್ಕ ಇದೆ? ಯಾವುದು ಇಲ್ಲ?

ಸಂಕ್ಷಿಪ್ತವಾಗಿ

• ದೇಶದಲ್ಲಿ ಎಷ್ಟು ಮಂದಿ ವಿದೇಶಿಯರು ಅಕ್ರಮವಾಗಿ ನೆಲೆಸಿದ್ದಾರೆ ಎಂಬ ನಿಖರ ಲೆಕ್ಕ ಕೊಡಲು ಸಾಧ್ಯವಿಲ್ಲ ಎಂದು ಕೇಂದ್ರ ಸರ್ಕಾರವೇ ಹೇಳಿದೆ. ದೇಶದ ಲೆಕ್ಕವೇ ಇಲ್ಲದಿರುವಾಗ ತಾಲ್ಲೂಕಿನ ಲೆಕ್ಕ ಬರುವುದು ಎಲ್ಲಿಂದ?
• ಅಕ್ರಮ ವಲಸೆ ಎಂಬುದು ಕಟ್ಟುಕಥೆಯಲ್ಲ. ಬಂಧನ, ಗಡೀಪಾರು ನಡೆಯುತ್ತಿವೆ. ಆದರೆ ಬಂಧನದ ಅಂಕಿ ಬೇರೆ, ಒಟ್ಟು ಜನರ ಅಂಕಿ ಬೇರೆ.
• ಹೊರಗಿನಿಂದ ಬಂದ ಕೂಲಿಕಾರರೆಲ್ಲ ವಿದೇಶಿಯರಲ್ಲ. ನಮ್ಮ ದೇಶದ ವಲಸೆಯಲ್ಲಿ ಬಹುಪಾಲು ದೇಶದೊಳಗಿನದ್ದೇ.
• ಭಾಷೆ, ಮುಖ, ಲುಂಗಿ ನೋಡಿ ಪೌರತ್ವ ತೀರ್ಮಾನಿಸಲು ಯಾರಿಗೂ ಬರುವುದಿಲ್ಲ. ಆ ಅಧಿಕಾರವೂ ನಮಗಿಲ್ಲ.

ಒಟ್ಟು ಲೆಕ್ಕ ಇದೆಯೇ?

ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಅಂಕಿ. ಒಂದು 1.2 ಕೋಟಿ, ಇನ್ನೊಂದು 2 ಕೋಟಿ. ಎರಡೂ ಸಂಸತ್ತಿನಲ್ಲಿ ಕೇಳಿಬಂದ ಅಂಕಿಗಳೇ. ಆದ್ದರಿಂದ ಅವುಗಳ ಹಿಂದಿನ ಕಥೆ ತಿಳಿದಿರಬೇಕು.

2004ರ ಜುಲೈನಲ್ಲಿ ಆಗಿನ ಗೃಹ ಖಾತೆ ರಾಜ್ಯ ಸಚಿವ ಶ್ರೀಪ್ರಕಾಶ್ ಜೈಸ್ವಾಲ್ ರಾಜ್ಯಸಭೆಯಲ್ಲಿ ಒಂದು ಉತ್ತರ ಕೊಟ್ಟರು. 2001ರ ಡಿಸೆಂಬರ್ 31ರ ಹೊತ್ತಿಗೆ ದೇಶದಲ್ಲಿ 1,20,53,950 ಮಂದಿ ಬಾಂಗ್ಲಾದೇಶದ ಅಕ್ರಮ ವಲಸಿಗರಿದ್ದರು ಎಂಬುದು ಆ ಉತ್ತರ. ಕೊನೆಯ ಐವತ್ತರವರೆಗೆ ಎಣಿಸಿದಂತೆ ಕಾಣುವ ಈ ಅಂಕಿಯನ್ನು ಕೆಲವೇ ದಿನಗಳಲ್ಲಿ ಅವರೇ ಹಿಂದಕ್ಕೆ ತೆಗೆದುಕೊಂಡರು. ಅದು ಸಮೀಕ್ಷೆಯಿಂದ ಬಂದದ್ದಲ್ಲ, ಅವರಿವರು ಹೇಳಿದ್ದನ್ನು ಆಧರಿಸಿದ್ದು ಎಂದು ಒಪ್ಪಿಕೊಂಡರು. ಅಂಕಿ ಮಾತ್ರ ಇಪ್ಪತ್ತು ವರ್ಷ ಕಳೆದರೂ ಓಡಾಡುತ್ತಲೇ ಇದೆ. ಹಿಂದಕ್ಕೆ ತೆಗೆದುಕೊಂಡ ಸುದ್ದಿ ಯಾವ ಫಾರ್ವರ್ಡ್‌ನಲ್ಲೂ ಇರುವುದಿಲ್ಲ.

2016ರ ನವೆಂಬರ್‌ನಲ್ಲಿ ಗೃಹ ಖಾತೆ ರಾಜ್ಯ ಸಚಿವರಾಗಿದ್ದ ಕಿರಣ್ ರಿಜಿಜು, ಲಭ್ಯ ಮಾಹಿತಿಯ ಪ್ರಕಾರ ಸುಮಾರು 2 ಕೋಟಿ ಎಂದು ರಾಜ್ಯಸಭೆಗೆ ತಿಳಿಸಿದರು. ಇದೂ ಎಣಿಕೆಯಲ್ಲ, ಅಂದಾಜು.

2023ರ ಡಿಸೆಂಬರ್‌ನಲ್ಲಿ ವಿಷಯ ಸುಪ್ರೀಂ ಕೋರ್ಟ್ ಮುಂದೆ ಬಂತು. ಅಸ್ಸಾಂಗೆ ಸಂಬಂಧಿಸಿದ ಪೌರತ್ವ ಕಾಯ್ದೆಯ 6ಎ ಕಲಮಿನ ವಿಚಾರಣೆಯಲ್ಲಿ ನ್ಯಾಯಪೀಠ ಕೇಂದ್ರದಿಂದ ಅಂಕಿಅಂಶ ಕೇಳಿತು. ಕೇಂದ್ರ ಸರ್ಕಾರ ಪ್ರಮಾಣಪತ್ರದಲ್ಲಿ ಕೊಟ್ಟ ಉತ್ತರದ ತಿರುಳು ಇಷ್ಟು: ಅಕ್ರಮ ವಲಸಿಗರು ದಾಖಲೆ ಇಲ್ಲದೆ, ಕಣ್ತಪ್ಪಿಸಿ ಬರುತ್ತಾರೆ, ಹಾಗಾಗಿ ದೇಶದ ಬೇರೆ ಬೇರೆ ಕಡೆ ಇರುವವರ ನಿಖರ ಲೆಕ್ಕ ಕೊಡಲು ಸಾಧ್ಯವಿಲ್ಲ.

ಇದರಲ್ಲಿ ಆಶ್ಚರ್ಯವೇನಿಲ್ಲ. ಕಳ್ಳದಾರಿಯಲ್ಲಿ ಬಂದವನು ರಿಜಿಸ್ಟರಿನಲ್ಲಿ ಸಹಿ ಹಾಕಿ ಬರುವುದಿಲ್ಲ. ಹೀಗಿರುವಾಗ ಸರ್ಕಾರದ ಬಳಿ ತಾಲ್ಲೂಕುವಾರು ಪಟ್ಟಿ ಇದೆ, ಅದನ್ನು ಮುಚ್ಚಿಟ್ಟಿದ್ದಾರೆ ಎಂಬ ಮಾತಿಗೆ ಆಧಾರವಿಲ್ಲ.

ಎಣಿಸಲು ಹೊರಟರೆ ಎಷ್ಟು ಕಷ್ಟ?

ಒಂದು ರಾಜ್ಯ ಇದನ್ನು ಮಾಡಿ ನೋಡಿದೆ. ಅಸ್ಸಾಂನಲ್ಲಿ ಸುಪ್ರೀಂ ಕೋರ್ಟ್ ಉಸ್ತುವಾರಿಯಲ್ಲಿ ರಾಷ್ಟ್ರೀಯ ಪೌರತ್ವ ನೋಂದಣಿ, ಅಂದರೆ ಎನ್‌ಆರ್‌ಸಿ, ಪರಿಷ್ಕರಣೆ ನಡೆಯಿತು. 3.30 ಕೋಟಿ ಜನ ಅರ್ಜಿ ಹಾಕಿದರು. 2019ರ ಆಗಸ್ಟ್ 31ರಂದು ಪ್ರಕಟವಾದ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಹೊರಗುಳಿದವರೆಲ್ಲ ವಿದೇಶಿಯರು ಎಂದು ಅರ್ಥವಲ್ಲ, ಅದು ನ್ಯಾಯಮಂಡಳಿಯ ಮುಂದೆ ತೀರ್ಮಾನವಾಗಬೇಕು.

ಈ ಕೆಲಸದ ಖರ್ಚುವೆಚ್ಚವನ್ನು ಮಹಾಲೇಖಪಾಲರು, ಅಂದರೆ ಸಿಎಜಿ, ಪರಿಶೀಲಿಸಿದರು. ಅವರ ವರದಿ 2022ರ ಡಿಸೆಂಬರ್‌ನಲ್ಲಿ ಅಸ್ಸಾಂ ವಿಧಾನಸಭೆಯ ಮುಂದೆ ಬಂತು. 288.18 ಕೋಟಿ ರೂಪಾಯಿ ಎಂದು ಶುರುವಾದ ಯೋಜನೆ 1,602.66 ಕೋಟಿಗೆ ಏರಿತ್ತು. ಸಾಫ್ಟ್‌ವೇರ್ ರೂಪಿಸಿದ ರೀತಿಯಲ್ಲಿ ಲೋಪಗಳಿದ್ದವು, ಮಾಹಿತಿ ತಿದ್ದುಪಡಿಯಾಗುವ ಅಪಾಯವಿತ್ತು ಎಂದು ವರದಿ ಹೇಳಿತು.

ಸಾವಿರಾರು ನೌಕರರು ವರ್ಷಗಟ್ಟಲೆ ದುಡಿದು, 1,600 ಕೋಟಿ ಖರ್ಚು ಮಾಡಿದ ಮೇಲೂ ಪ್ರಶ್ನೆ ಉಳಿದ ಕೆಲಸ ಅದು. ಮಂಡ್ಯದ ಲೆಕ್ಕವನ್ನು ಒಂದು ಮೆಸೇಜು ರಾತ್ರೋರಾತ್ರಿ ಕೊಟ್ಟುಬಿಡುತ್ತದೆ ಎಂದರೆ ನಂಬುವುದು ಹೇಗೆ?

ಇನ್ನೊಂದು ಸರಳ ಪರೀಕ್ಷೆ ಇದೆ. 2011ರ ಜನಗಣತಿಯ ಪ್ರಕಾರ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಏಳು ತಾಲ್ಲೂಕಿಗೆ ಹಂಚಿದರೆ ಸರಾಸರಿ ಎರಡೂವರೆ ಲಕ್ಷ. ತಾಲ್ಲೂಕಿಗೆ ಇಪ್ಪತ್ತು ಸಾವಿರ ಎಂದರೆ ಹದಿಮೂರು ಜನರಲ್ಲಿ ಒಬ್ಬರು ಹೊರದೇಶದವರು. ನಿಮ್ಮ ಬೀದಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಹಾಗೆ ಕಾಣುತ್ತದೆಯೇ? ಅವರಿಗೆಲ್ಲ ಮನೆ ಬಾಡಿಗೆಗೆ ಕೊಟ್ಟವರು ಯಾರು? ದೊಡ್ಡ ಅಂಕಿ ಕಂಡಾಗ ಅದನ್ನು ನಿಮ್ಮೂರಿನ ಅಳತೆಗೆ ಇಳಿಸಿ ನೋಡಿ. ಅರ್ಧ ಫಾರ್ವರ್ಡ್‌ಗಳು ಅಲ್ಲೇ ಬಿದ್ದುಹೋಗುತ್ತವೆ.

ಹಾಗಾದರೆ ಇರುವ ಅಂಕಿಗಳು ಯಾವುವು?

ಸರ್ಕಾರದ ಬಳಿ ಏನೂ ಇಲ್ಲ ಎಂದಲ್ಲ. ಇವೆ. ಆದರೆ ಒಂದೊಂದು ಅಂಕಿ ಒಂದೊಂದನ್ನು ಅಳೆಯುತ್ತದೆ. ಸೇರು ಬೇರೆ, ಗಜ ಬೇರೆ.

ಬೇಲಿಯ ಲೆಕ್ಕ: ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಗಡಿ 4,096.7 ಕಿ.ಮೀ. ಇದರಲ್ಲಿ 3,232.218 ಕಿ.ಮೀ.ಗೆ ಬೇಲಿ ಹಾಕಲಾಗಿದೆ ಎಂದು ಗೃಹ ಸಚಿವಾಲಯ 2025ರ ಫೆಬ್ರುವರಿಯಲ್ಲಿ ಸಂಸತ್ತಿಗೆ ತಿಳಿಸಿತು. ಉಳಿದ 864.482 ಕಿ.ಮೀ.ನಲ್ಲಿ 174.514 ಕಿ.ಮೀ. ಬೇಲಿ ಹಾಕಲು ಆಗದ ಜಾಗ. ಇದು ಕಾಮಗಾರಿಯ ಅಳತೆ. ಎಷ್ಟು ಜನ ದಾಟಿದರು ಎಂಬುದನ್ನು ಇದು ಹೇಳುವುದಿಲ್ಲ.

ಬಂಧನದ ಲೆಕ್ಕ: ಗಡಿ ಭದ್ರತಾ ಪಡೆ, ಅಂದರೆ ಬಿಎಸ್‌ಎಫ್, ಮತ್ತು ಆಯಾ ರಾಜ್ಯಗಳ ಪೊಲೀಸರು ಹಿಡಿದವರ ಸಂಖ್ಯೆ. ಗಸ್ತು ಹೆಚ್ಚಾದರೆ ಬಂಧನವೂ ಹೆಚ್ಚಾಗುತ್ತದೆ. ಆದ್ದರಿಂದ ಬಂಧನ ಏರಿತು ಎಂದರೆ ಬರುವವರು ಹೆಚ್ಚಾದರು ಎಂದೇ ಆಗಬೇಕಿಲ್ಲ, ಹಿಡಿಯುವುದು ಹೆಚ್ಚಾಗಿರಬಹುದು. ಒಳಗೆ ಬರುವವರಂತೆ ವಾಪಸ್ ಹೋಗುವವರೂ ಗಡಿಯಲ್ಲಿ ಸಿಕ್ಕಿಬೀಳುತ್ತಾರೆ. ಅಮೆರಿಕದಲ್ಲೂ ಇದೇ ಗೊಂದಲ. 2023ರ ಹಣಕಾಸು ವರ್ಷದಲ್ಲಿ ಅಲ್ಲಿನ ದಕ್ಷಿಣ ಗಡಿಯಲ್ಲಿ ಸುಮಾರು 24.7 ಲಕ್ಷ ‘ಮುಖಾಮುಖಿ’ಗಳು ದಾಖಲಾದವು. ಅವು ಘಟನೆಗಳು, ತಲೆಗಳಲ್ಲ. ಒಬ್ಬನೇ ಮೂರು ಸಲ ಸಿಕ್ಕಿದರೆ ಮೂರು ಎಂದು ಬರೆಯುತ್ತಾರೆ.

ಗಡೀಪಾರಿನ ಲೆಕ್ಕ: 2017ರಿಂದ 2022ರವರೆಗೆ 14,346 ವಿದೇಶಿಯರನ್ನು ಹೊರಗೆ ಕಳುಹಿಸಲಾಗಿದೆ ಎಂದು ಕೇಂದ್ರ ಅದೇ ಸುಪ್ರೀಂ ಕೋರ್ಟ್ ಪ್ರಮಾಣಪತ್ರದಲ್ಲಿ ಹೇಳಿತು. ಇದರಲ್ಲಿ ಬಾಂಗ್ಲಾದೇಶದವರು ಮಾತ್ರವಲ್ಲ, ಎಲ್ಲ ದೇಶದವರೂ ಸೇರಿದ್ದಾರೆ.

ಜನಗಣತಿಯ ಲೆಕ್ಕ: 2011ರಲ್ಲಿ, ಹಿಂದೆ ಹೊರದೇಶದಲ್ಲಿ ವಾಸವಿದ್ದೆವು ಎಂದು ಹೇಳಿದವರು ಸುಮಾರು 55 ಲಕ್ಷ. ಅವರಲ್ಲಿ ಸುಮಾರು 23 ಲಕ್ಷ ಮಂದಿ ಬಾಂಗ್ಲಾದೇಶದಿಂದ ಬಂದವರು. ವಿಭಜನೆಯ ಕಾಲದಲ್ಲೋ 1971ರ ಯುದ್ಧದ ಸಮಯದಲ್ಲೋ ಬಂದು ಪೌರರಾದವರೂ ಇದರಲ್ಲಿದ್ದಾರೆ. ಇನ್ನೊಂದು ಕಡೆ, ಅಕ್ರಮವಾಗಿ ಇರುವವರು ಗಣತಿಯವರ ಮುಂದೆ ನಿಜ ಹೇಳುತ್ತಾರೆಂಬ ಖಾತರಿ ಇಲ್ಲ. ಹಾಗಾಗಿ ಈ ಅಂಕಿಯೂ ಅಂತಿಮವಲ್ಲ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಗಣನೆಯ ದಿನ ಎಂದು ನಿಗದಿಯಾಗಿದೆ.

ಅಂದಾಜು ಮಾಡುವುದೇ ತಪ್ಪು ಎಂದು ಇದರ ಅರ್ಥವಲ್ಲ. ನಮ್ಮವರದ್ದೇ ಉದಾಹರಣೆ ನೋಡಿ. ಅಮೆರಿಕದಲ್ಲಿ ದಾಖಲೆ ಇಲ್ಲದೆ ಇರುವ ಭಾರತೀಯರು 2021ರಲ್ಲಿ ಸುಮಾರು 7.25 ಲಕ್ಷ ಎಂದು ಪ್ಯೂ ಸಂಶೋಧನಾ ಸಂಸ್ಥೆ ಅಂದಾಜಿಸಿತು. ಅಲ್ಲಿನ ಸರ್ಕಾರದ ಆಂತರಿಕ ಭದ್ರತಾ ಇಲಾಖೆ 2022ಕ್ಕೆ ಕೊಟ್ಟ ಅಂದಾಜು ಸುಮಾರು 2.2 ಲಕ್ಷ. ಮೂರು ಪಟ್ಟಿಗೂ ಹೆಚ್ಚು ವ್ಯತ್ಯಾಸ! ಆದರೂ ಇಬ್ಬರೂ ತಾವು ಲೆಕ್ಕ ಹಾಕಿದ ದಾರಿಯನ್ನು ಬರೆದಿಟ್ಟಿದ್ದಾರೆ. ಎಲ್ಲಿ ತಪ್ಪಿರಬಹುದು ಎಂದು ಬೇರೆಯವರು ಪರೀಕ್ಷಿಸಬಹುದು. ಅಂದಾಜಿಗೂ ಗಾಳಿಮಾತಿಗೂ ಇರುವ ವ್ಯತ್ಯಾಸ ಅಷ್ಟೇ. ಫಾರ್ವರ್ಡ್‌ನಲ್ಲಿ ಅಂಕಿ ಇರುತ್ತದೆ, ಲೆಕ್ಕದ ದಾರಿ ಇರುವುದಿಲ್ಲ.

ಆಲೆಮನೆಯಲ್ಲಿ ಹಿಂದಿ ಮಾತಾಡುವವರು ಯಾರು?

ವಲಸಿಗ ಎಂದ ಕೂಡಲೇ ನಮಗೆ ದೂರದ ಮುಖ ಕಾಣುತ್ತದೆ. ಜನಗಣತಿಯ ಭಾಷೆಯಲ್ಲಿ ಅರ್ಥ ಬೇರೆ. ಮಳವಳ್ಳಿಯ ಹಳ್ಳಿಯಿಂದ ಮದ್ದೂರಿನ ಹಳ್ಳಿಗೆ ಮದುವೆಯಾಗಿ ಬಂದ ಹೆಣ್ಣುಮಗಳೂ ವಲಸಿಗಳೇ. 2011ರಲ್ಲಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರಿದ್ದರು. ವಲಸೆಗೆ ಅತಿ ದೊಡ್ಡ ಕಾರಣ ಮದುವೆ. ಹೊರದೇಶದಿಂದ ಬಂದವರು ಇವರಲ್ಲಿ ನೂರಕ್ಕೆ ಎರಡು ಪಾಲೂ ಇರಲಿಲ್ಲ.

ಕೆಲಸಕ್ಕಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುವವರೂ ಕಡಿಮೆಯಿಲ್ಲ. ರೈಲು ಪ್ರಯಾಣಿಕರ ಅಂಕಿ ಬಳಸಿ 2016–17ರ ಆರ್ಥಿಕ ಸಮೀಕ್ಷೆ ಹಾಕಿದ ಅಂದಾಜಿನಂತೆ 2011ರಿಂದ 2016ರವರೆಗೆ ವರ್ಷಕ್ಕೆ ಸುಮಾರು 90 ಲಕ್ಷ ಜನ ಹೀಗೆ ಓಡಾಡಿದ್ದಾರೆ. ಮಂಡ್ಯದ ಆಲೆಮನೆಗಳಲ್ಲಿ ಗಾಣಕ್ಕೆ ಕಬ್ಬು ಕೊಡುವ, ಕೊಪ್ಪರಿಗೆ ಮುಂದೆ ನಿಲ್ಲುವ ಕೆಲಸಕ್ಕೆ ಉತ್ತರ ಪ್ರದೇಶ, ಬಿಹಾರದವರು ಬರುತ್ತಿರುವುದು ಹೊಸದೇನಲ್ಲ. ಬಿಸಿ, ಹೊಗೆ, ರಾತ್ರಿ ಪಾಳಿ. ಸ್ಥಳೀಯರು ಸಿಗುವುದು ಕಷ್ಟ ಎಂದು ಆಲೆಮನೆ ಮಾಲೀಕರೇ ಹೇಳುತ್ತಾರೆ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಮಂಡ್ಯ ಬೆಲ್ಲದಲ್ಲಿ ಅವರ ಬೆವರೂ ಇದೆ.

ಇವರ ಲೆಕ್ಕವನ್ನು ಇಡಬೇಕೆಂದು ಕಾನೂನೇ ಹೇಳುತ್ತದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಪ್ರಕಾರ ಐದು ಅಥವಾ ಹೆಚ್ಚು ಹೊರರಾಜ್ಯದ ಕಾರ್ಮಿಕರನ್ನು ಕರೆತರುವ ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕಿತ್ತು, ಕಾರ್ಮಿಕನಿಗೆ ಫೋಟೊ ಇರುವ ಪಾಸ್‌ಬುಕ್ ಕೊಡಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಈ ಕಾಯ್ದೆಯ ಜಾಗಕ್ಕೆ ಬಂದಿವೆ. ಗುತ್ತಿಗೆದಾರನಿಲ್ಲದೆ ತಾವಾಗಿಯೇ ಬಂದವರೂ ಹೊಸ ಸಂಹಿತೆಯ ವ್ಯಾಖ್ಯೆಯಲ್ಲಿ ಸೇರುತ್ತಾರೆ. ಆದರೆ ಈ ನಿಯಮ ಹತ್ತು ಅಥವಾ ಹೆಚ್ಚು ವಲಸೆ ಕಾರ್ಮಿಕರಿರುವ ಕಡೆಗೆ. ಐದಾರು ಜನ ಇರುವ ಸಣ್ಣ ಆಲೆಮನೆ ಇದರ ಹೊರಗೇ ಉಳಿಯುತ್ತದೆ.

2021ರ ಆಗಸ್ಟ್ 26ರಂದು ಶುರುವಾದ ಇ-ಶ್ರಮ್ ಪೋರ್ಟಲ್‌ನಲ್ಲಿ ಅಸಂಘಟಿತ ಕಾರ್ಮಿಕರು ತಾವೇ ಹೆಸರು ಬರೆಸಬಹುದು. ಹೊರರಾಜ್ಯದ ಕಾರ್ಮಿಕ ಎಲ್ಲಿಯವನು ಎಂಬ ದಾಖಲೆ ಹೀಗೆ ಬೆಳೆದರೆ ಅನುಮಾನವೂ ಕಡಿಮೆಯಾಗುತ್ತದೆ, ಅಪಘಾತವಾದಾಗ ಅವನ ಮನೆಗೆ ಸುದ್ದಿ ಮುಟ್ಟಿಸುವುದೂ ಸುಲಭವಾಗುತ್ತದೆ.

ಭಾಷೆ ಕೇಳಿದರೆ ಗೊತ್ತಾಗುವುದಿಲ್ಲವೇ?

ಇಲ್ಲ. 2011ರ ಗಣತಿಯಂತೆ ಭಾರತದಲ್ಲಿ ಬಂಗಾಳಿ ಮಾತೃಭಾಷೆಯವರು 9.7 ಕೋಟಿ. ಪಶ್ಚಿಮ ಬಂಗಾಳ, ತ್ರಿಪುರಾ, ಅಸ್ಸಾಂನ ಬರಾಕ್ ಕಣಿವೆ ಎಲ್ಲ ಕಡೆ ಅವರಿದ್ದಾರೆ. ಗಡಿಯ ಆಚೆ ಈಚೆ ಹಳ್ಳಿಗಳ ಮಾತು ಒಂದೇ ತರಹ ಇರುತ್ತದೆ. ತಾಳವಾಡಿಯವರ ಕನ್ನಡ ಕೇಳಿ ಅವರು ತಮಿಳುನಾಡಿನವರೋ ಚಾಮರಾಜನಗರದವರೋ ಎಂದು ಹೇಳಲು ನಮಗೆ ಆಗುತ್ತದೆಯೇ? ಇದೂ ಹಾಗೆಯೇ.

ಆಧಾರ್ ಇದ್ದರೆ ಭಾರತೀಯನೇ?

ಇಲ್ಲಿ ಎರಡೂ ಕಡೆಯ ತಪ್ಪು ಕಲ್ಪನೆ ಇದೆ. ಆಧಾರ್ ಪೌರತ್ವದ ಪುರಾವೆ ಅಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಯೂ ಆಧಾರ್ ಪಡೆಯಬಹುದು. ಹಾಗೆಂದು ಆಧಾರ್ ಇಲ್ಲದವನು, ಅಥವಾ ಆಧಾರ್‌ನಲ್ಲಿ ಹೆಸರು ಒಂದಕ್ಷರ ತಪ್ಪಿರುವವನು ವಿದೇಶಿ ಎಂದೂ ಆಗುವುದಿಲ್ಲ. ನಮ್ಮ ಮನೆಯ ಹಿರಿಯರ ಪಹಣಿ, ಪಡಿತರ ಚೀಟಿ, ವೋಟರ್ ಐಡಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ಮನೆಗಳಲ್ಲಿ ಮೂರರಲ್ಲೂ ಒಂದೇ ಹೆಸರಿದೆ?

ತಪಾಸಣೆ ಯಾರ ಕೆಲಸ?

ವಿದೇಶಿಯರ ಆಗಮನ, ವಾಸ, ನೋಂದಣಿಗೆ ಈಗ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಇದೆ. ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಇದು 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಬಂದಿದೆ. ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದವರಿಗೆ ಐದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ನಕಲಿ ದಾಖಲೆ ಬಳಸಿದರೆ ಶಿಕ್ಷೆ ಏಳು ವರ್ಷದವರೆಗೆ ಹೋಗುತ್ತದೆ. ಅಂದರೆ ಕಾನೂನು ಕಟ್ಟುನಿಟ್ಟಾಗಿಯೇ ಇದೆ.

ಬೆಂಗಳೂರಿನಲ್ಲಿ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ ಇದೆ. ಮಂಡ್ಯದಂಥ ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಿ ಅಧಿಕಾರಿ. ಅಕ್ರಮವಾಗಿ ಇದ್ದಾರೆಂದು ಖಚಿತವಾದವರನ್ನು ವಾಪಸ್ ಕಳುಹಿಸುವವರೆಗೆ ಇರಿಸಲು ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಕೇಂದ್ರವಿದೆ. ಗಡೀಪಾರು ಮಾಡಬೇಕಾದರೆ ಆ ದೇಶ ತನ್ನ ಪ್ರಜೆ ಎಂದು ಒಪ್ಪಬೇಕಾಗುತ್ತದೆ. ತಡವಾಗುವುದು ಬಹಳ ಸಲ ಇಲ್ಲಿಯೇ.

ಪೊಲೀಸರಿಗೂ ಮಿತಿ ಇದೆ. ಕೈಯಲ್ಲಿ ಏನೂ ಆಧಾರವಿಲ್ಲದೆ ಯಾರನ್ನೋ ಹಿಡಿದು ನೀನು ವಿದೇಶಿ, ಅಲ್ಲವೆಂದು ಸಾಬೀತುಮಾಡು ಎನ್ನುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2012ರಲ್ಲಿ ವಿದೇಶಿ ಎನಿಸಿಕೊಂಡಿದ್ದ ಅಸ್ಸಾಂನ ಒಬ್ಬರು ಹನ್ನೆರಡು ವರ್ಷದ ನಂತರ ಆ ತೀರ್ಪಿನಲ್ಲಿ ಭಾರತೀಯ ಎನಿಸಿಕೊಂಡರು. ಪೊಲೀಸರಿಗೇ ಇಷ್ಟು ಕಟ್ಟುಪಾಡು ಇರುವಾಗ ಹಾದಿಯಲ್ಲಿ ಹೋಗುವವನನ್ನು ತಡೆದು ಐಡಿ ತೋರಿಸು ಎನ್ನಲು ನಮಗೆ ಯಾವ ಅಧಿಕಾರವೂ ಇಲ್ಲ.

ಫಾರ್ವರ್ಡ್ ಮಾಡಿದರೆ ಏನಾಗಿಬಿಡುತ್ತದೆ?

ಆಗಿದ್ದನ್ನು ನೋಡೋಣ. ನಾಲ್ಕು ಘಟನೆಗಳೂ ಕರ್ನಾಟಕದವೇ.

2012ರ ಆಗಸ್ಟ್: ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್‌ಎಂಎಸ್ ವದಂತಿ ಹರಡಿ, ಎರಡು ಮೂರು ದಿನದಲ್ಲಿ ಸಾವಿರಾರು ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್‌ಎಂಎಸ್ ಕಳುಹಿಸುವುದನ್ನೇ 15 ದಿನ ನಿಷೇಧಿಸಿತು.

2018: ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಮೆಸೇಜುಗಳ ಕಾಲ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಂದು ಸಾವು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದು ಚಾಟ್‌ಗೆ ಇಳಿಸಿತು. ಇಂದಿಗೂ ನಿಮ್ಮ ಫೋನಿನಲ್ಲಿ ಐದಕ್ಕೆ ನಿಲ್ಲುವುದು ಆ ಸಾವುಗಳ ನಂತರ.

2020ರ ಜನವರಿ: ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದ ಶೆಡ್‌ಗಳಲ್ಲಿ ಇರುವವರು ಅಕ್ರಮ ಬಾಂಗ್ಲಾದೇಶಿಗಳು ಎಂಬ ವಿಡಿಯೊ ಹರಡಿತು. ಕೆಲವೇ ದಿನಗಳಲ್ಲಿ ಮನೆಗಳು ನೆಲಸಮವಾದವು. ಬೀದಿಗೆ ಬಿದ್ದವರ ಕೈಯಲ್ಲಿ ಅಸ್ಸಾಂ, ತ್ರಿಪುರಾದ ದಾಖಲೆಗಳಿದ್ದವು. ನಮ್ಮದೇ ಉತ್ತರ ಕರ್ನಾಟಕದ ಕೂಲಿಕಾರರೂ ಅವರಲ್ಲಿದ್ದರು. ವಿಷಯ ಹೈಕೋರ್ಟಿಗೆ ಹೋಗಿ ತೆರವಿಗೆ ತಡೆ ಸಿಕ್ಕಿತು. ಆ ಹೊತ್ತಿಗೆ ಬಿದ್ದ ಮನೆ ಬಿದ್ದಿತ್ತು.

2020ರ ಮೇ: ಈ ಸಲ ಸರದಿ ಮಂಡ್ಯದವರದ್ದು. ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಬಹಳ ಕುಟುಂಬಗಳಿಗೆ ಮುಂಬೈಯಲ್ಲಿ ಅನ್ನದ ದಾರಿ. ಲಾಕ್‌ಡೌನ್‌ನಲ್ಲಿ ಅವರು ಊರಿಗೆ ಹೊರಟಾಗ ಮಹಾರಾಷ್ಟ್ರ ಸೇರಿ ಕೆಲವು ರಾಜ್ಯಗಳಿಂದ ಬರುವವರಿಗೆ ಮೇ ಕೊನೆಯವರೆಗೆ ಪ್ರವೇಶವಿಲ್ಲ ಎಂದು ರಾಜ್ಯ ಸರ್ಕಾರ ತೀರ್ಮಾನಿಸಿತು. ಜಿಲ್ಲೆಯಲ್ಲಿ ಸೋಂಕು ಕಂಡವರಲ್ಲಿ ಮುಂಬೈಯಿಂದ ಬಂದವರೇ ಹೆಚ್ಚಿದ್ದರು ನಿಜ. ಆದರೆ ‘ಬಾಂಬೆಯವರು ರೋಗ ತಂದರು’ ಎಂಬ ಮಾತು ಹುಟ್ಟಿದ ಊರಿನಲ್ಲೇ ಅವರನ್ನು ಹೊರಗಿನವರನ್ನಾಗಿ ಮಾಡಿತು. ಚೆಕ್‌ಪೋಸ್ಟಿನಲ್ಲಿ ನಿಲ್ಲುವುದು ಎಂದರೇನು ಎಂಬುದು ಈ ಜಿಲ್ಲೆಗೆ ಗೊತ್ತಿಲ್ಲದ ವಿಷಯವಲ್ಲ.

ತೀರಾ ಇತ್ತೀಚಿನದು ದೆಹಲಿಯದು. 2025ರ ಜೂನ್‌ನಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಕುಟುಂಬವನ್ನು ಬಾಂಗ್ಲಾದೇಶದವರೆಂದು ಹಿಡಿದು ಕೆಲವೇ ದಿನಗಳಲ್ಲಿ ಗಡಿ ದಾಟಿಸಲಾಯಿತು. ಅವರಲ್ಲಿ ಒಬ್ಬಾಕೆ ಗರ್ಭಿಣಿ. ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿ, ನಾಲ್ಕು ವಾರದಲ್ಲಿ ವಾಪಸ್ ಕರೆತನ್ನಿ ಎಂದಿತು. ಆಕೆ ಮತ್ತು ಮಗ ಮರಳಿದ್ದು ಡಿಸೆಂಬರ್‌ನಲ್ಲಿ. ಅವಸರದ ತಪಾಸಣೆ ಎಷ್ಟು ದುಬಾರಿ ಎಂಬುದಕ್ಕೆ ಇದು ಸಾಕ್ಷಿ.

ಸರ್ಕಾರವನ್ನು ಕೇಳುವವರು ಯಾರು?

‘ಸರ್ಕಾರ ಮುಚ್ಚಿಡುತ್ತಿದೆ’ ಎಂಬ ಸಾಲಿಗೆ ಸಿಟ್ಟಾಗುವ ಬದಲು, ಕೇಳುವ ದಾರಿಗಳನ್ನು ಬಳಸಬಹುದು.

ಸಂಸತ್ತು: ಬೇಲಿ, ಬಂಧನ, ಗಡೀಪಾರಿನ ಬಹುಪಾಲು ಅಂಕಿಗಳು ಹೊರಬರುವುದು ಸಂಸದರು ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ. ನಿಮ್ಮ ಸಂಸದರಿಗೆ ಪತ್ರ ಬರೆದು ಪ್ರಶ್ನೆ ಕೇಳಿಸಬಹುದು. ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ ಸಚಿವಾಲಯದ ಖರ್ಚು ಮತ್ತು ಕೆಲಸವನ್ನು ಪರಿಶೀಲಿಸುತ್ತದೆ.

ಸಿಎಜಿ: ಹಣ ಎಲ್ಲಿ ಹೋಯಿತು, ಹೇಳಿದ ಕೆಲಸ ಆಯಿತೇ ಎಂದು ನೋಡುತ್ತದೆ. ಎನ್‌ಆರ್‌ಸಿ ವರದಿ ಇದಕ್ಕೆ ಉದಾಹರಣೆ.

ಮಾಹಿತಿ ಹಕ್ಕು: ಬಿಎಸ್‌ಎಫ್‌ನಂಥ ಭದ್ರತಾ ಸಂಸ್ಥೆಗಳಿಗೆ ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಮಿನಲ್ಲಿ ವಿನಾಯಿತಿ ಇದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಮಾತ್ರ ಆ ವಿನಾಯಿತಿ ಇಲ್ಲ. ಆದರೆ ಜಿಲ್ಲಾ ಪೊಲೀಸ್ ಕಚೇರಿ, ಕಾರ್ಮಿಕ ಇಲಾಖೆ ಇಂಥ ವಿನಾಯಿತಿಯ ಪಟ್ಟಿಯಲ್ಲಿಲ್ಲ. ಕರ್ನಾಟಕದಲ್ಲಿ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನದ ಗಡುವು. ಹೀಗೆ ಬರೆಯಬಹುದು: "ಕಳೆದ ಐದು ವರ್ಷಗಳಲ್ಲಿ ಮಂಡ್ಯ ಜಿಲ್ಲೆಯಲ್ಲಿ ವಿದೇಶಿಯರ ಕಾಯ್ದೆಯಡಿ ದಾಖಲಾದ ಪ್ರಕರಣಗಳೆಷ್ಟು? ವರ್ಷವಾರು, ಠಾಣೆವಾರು ಕೊಡಿ. ಅವುಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾದವು ಎಷ್ಟು, ಶಿಕ್ಷೆಯಾದವು ಎಷ್ಟು?" ಕಾರ್ಮಿಕ ಇಲಾಖೆಗೆ ಬೇರೆ ಅರ್ಜಿ: "ಜಿಲ್ಲೆಯಲ್ಲಿ ನೋಂದಾಯಿತ ಹೊರರಾಜ್ಯದ ಕಾರ್ಮಿಕರೆಷ್ಟು, ಯಾವ ಯಾವ ರಾಜ್ಯದವರು?"

ಇಂಥ ಉತ್ತರದಲ್ಲಿ ಬರುವ ಅಂಕಿ ಚಿಕ್ಕದಿರಬಹುದು, ಸಪ್ಪೆಯಿರಬಹುದು. ಆದರೆ ಅದರ ಕೆಳಗೆ ಒಬ್ಬ ಅಧಿಕಾರಿಯ ಸಹಿ ಇರುತ್ತದೆ. ತಪ್ಪಿದ್ದರೆ ಕೇಳಲು ಒಂದು ವಿಳಾಸ ಇರುತ್ತದೆ.

ಮುಂದಕ್ಕೆ ಕಳುಹಿಸುವ ಮುನ್ನ ಐದು ಪ್ರಶ್ನೆ

1. ಅಂಕಿ ಕೊಟ್ಟವರು ಯಾರು? ಇಲಾಖೆ, ದಿನಾಂಕ, ವರದಿಯ ಹೆಸರು ಇದೆಯೇ?
2. ಇದು ಎಣಿಕೆಯೋ, ಅಂದಾಜೋ? ಅಂದಾಜಾದರೆ ಹೇಗೆ ಮಾಡಿದರು?
3. ಬಂಧನವೋ, ಗಡೀಪಾರೋ, ಒಟ್ಟು ಜನರೋ? ಒಂದರ ಅಂಕಿಯನ್ನು ಇನ್ನೊಂದರ ಹೆಸರಿನಲ್ಲಿ ಹೇಳಿದ್ದಾರೆಯೇ?
4. ಫೋಟೊ ಇದೇ ಊರಿನದೇ, ಇದೇ ವರ್ಷದ್ದೇ? ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದಿರಾ?
5. ಇದನ್ನು ನಂಬಿ ಯಾರಾದರೂ ಕೈ ಎತ್ತಿದರೆ ಏಟು ಬೀಳುವುದು ಯಾರಿಗೆ?

ನಿಜಕ್ಕೂ ಅನುಮಾನ ಬರುವಂಥದ್ದು ಕಂಡರೆ, ಉದಾಹರಣೆಗೆ ನಕಲಿ ದಾಖಲೆ ಮಾಡಿಕೊಡುವ ಅಂಗಡಿ, ಕೂಲಿಕಾರರನ್ನು ಕೂಡಿಹಾಕಿ ದುಡಿಸುವ ಗುತ್ತಿಗೆದಾರ, 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಠಾಣೆಗೆ ಬರೆದು ಕೊಡಿ. ಠಾಣೆಗೆ ಕೊಟ್ಟ ದೂರಿನ ಬಗ್ಗೆ ವಿಚಾರಣೆ ನಡೆಯುತ್ತದೆ. ಗ್ರೂಪಿಗೆ ಹಾಕಿದ ಫೋಟೊದ ಬಗ್ಗೆ ತೀರ್ಪು ಮಾತ್ರ ನಡೆಯುತ್ತದೆ.

ಚಿಕ್ಕಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗ್ರು ಬಿಹಾರದವ್ರೇ ಇರ್ಬೋದು ಕಣವ್ವ, ನಮ್ ಪಕ್ಕದ ಆಲೆಮನೇಲೂ ಅಂಗೇ ಅವ್ರೆ" ಎಂದರು. ಆಮೇಲೆ ಗ್ರೂಪ್ ನೋಡಿದರೆ ಆ ಮೆಸೇಜು ಇದ್ದ ಜಾಗದಲ್ಲಿ ಡಿಲೀಟ್ ಮಾಡಲಾಗಿದೆ ಎಂಬ ಸಾಲು ಮಾತ್ರ ಇತ್ತು. ಅವರು ಅದನ್ನು ಇನ್ನೂ ನಾಲ್ಕು ಗ್ರೂಪಿಗೆ ಕಳುಹಿಸಿದ್ದರು. ಅಲ್ಲಿಗೂ ಹೋಗಿ ಅಳಿಸಿ ಎಂದಿದ್ದೇನೆ.